ಎಸ್‌ಕ್ಯೂಲೈಟ್ ಬಳಸುವವರೇ, ನಿಮ್ಮ ಕೆಲಸದ ನಿಜ ಉದಾಹರಣೆ ಇಲ್ಲಿ ಹಾಕಿ

ಬೈಟುಕಾಫಿ

ಎಲ್ಲರಿಗೂ ನಮಸ್ಕಾರ. ಎಸ್‌ಕ್ಯೂಲೈಟ್ (ಸರ್ವರ್ ಇಲ್ಲದೆ ಒಂದೇ ಫೈಲ್‌ನಲ್ಲಿ ಡೇಟಾ ಇಡುವ ಡೇಟಾಬೇಸ್ ಲೈಬ್ರರಿ) ಬಳಸುವ ಕನ್ನಡಿಗರ ಅನುಭವಗಳನ್ನು ಒಂದೇ ಕಡೆ ಸೇರಿಸೋಣ ಅಂತ ಈ ಚರ್ಚೆ ಶುರು ಮಾಡುತ್ತಿದ್ದೇನೆ.

"ಇದನ್ನು ನಂಬಿ ಕೆಲಸ ಶುರು ಮಾಡಬಹುದಾ?" ಅಂತ ಹೊಸಬರು ಕೇಳುತ್ತಲೇ ಇರುತ್ತಾರೆ. ನಮ್ಮ ಉತ್ತರ ಯಾವಾಗಲೂ ಒಂದೇ. ಆಂಡ್ರಾಯ್ಡ್‌ನಲ್ಲಿದೆ, ಐಫೋನ್‌ನಲ್ಲಿದೆ, ಕ್ರೋಮ್ ಮತ್ತು ಫೈರ್‌ಫಾಕ್ಸ್‌ನಲ್ಲಿದೆ, ಏರ್‌ಬಸ್ ಎ350 ವಿಮಾನದ ತಂತ್ರಾಂಶದಲ್ಲೂ ಇದೆ. ಎಲ್ಲ ನಿಜ. ಆದರೆ ತಾಲೂಕು ಊರಲ್ಲಿ ಕೂತು ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವವನಿಗೆ ಏರ್‌ಬಸ್ ಕಟ್ಟಿಕೊಂಡು ಏನಾಗಬೇಕು? ಅವನ ಚಿಂತೆಯೇ ಬೇರೆ. ಮೂರು ಕೌಂಟರ್‌ನಿಂದ ಒಟ್ಟಿಗೆ ಬಿಲ್ ಹಾಕಿದರೆ ತಡೆಯುತ್ತಾ? ಕರೆಂಟ್ ಹೋದರೆ ಏನಾಗುತ್ತೆ? ಬ್ಯಾಕಪ್ ಯಾರು ತೆಗೆಯುತ್ತಾರೆ?

ಹಾಗಾಗಿ ಕಂಪನಿ ಹೆಸರು, ಲೋಗೋ ಏನೂ ಬೇಡ. ಕೆಲಸ ಏನು, ಫೈಲ್ ಎಷ್ಟು ದೊಡ್ಡದು, ಒಟ್ಟಿಗೆ ಎಷ್ಟು ಜನ ಬರೆಯುತ್ತಾರೆ, ಯಾವ ವರ್ಶನ್, ಯಾವ ಸೆಟ್ಟಿಂಗ್ ಬದಲಿಸಿದಿರಿ, ಎಲ್ಲಿ ಕೈಕೊಟ್ಟಿತು ಅಂತ ಬರೆಯಿರಿ. ಬಿಟ್ಟು ಬೇರೆ ಡೇಟಾಬೇಸ್‌ಗೆ ಹೋದವರು ಇದ್ದರೆ ಇನ್ನೂ ಒಳ್ಳೆಯದು. ಯಾಕೆ ಹೋದಿರಿ ಅನ್ನುವುದೇ ಜಾಸ್ತಿ ಉಪಯೋಗಕ್ಕೆ ಬರುತ್ತೆ.

ಇನ್ನೊಂದು ಮಾತು. ಎಸ್‌ಕ್ಯೂಲೈಟ್ ಕೋಡ್ ಪೂರ್ತಿ ಸಾರ್ವಜನಿಕ ಸ್ವತ್ತು, ಯಾರು ಬೇಕಾದರೂ ಬಳಸಬಹುದು. ಆದರೆ ಹೊರಗಿನವರು ಬರೆದ ಕೋಡನ್ನು ಅವರು ಸುಮ್ನೆ ಸೇರಿಸಿಕೊಳ್ಳುವುದಿಲ್ಲ. ನಮ್ಮಂಥವರು ಕೊಡಬಹುದಾದದ್ದು ಅಂದರೆ ಬಗ್ ವರದಿ ಮತ್ತು ಇಂಥ ಬಳಕೆಯ ವಿವರ, ಅಷ್ಟೇ.

ಮಲೆನಾಡ್‌ಮಳೆ

ಒಳ್ಳೆ ಕೆಲಸ. ಈ ಲೈಬ್ರರಿ ಹುಟ್ಟಿದ್ದೇ ಇಂಥ ಒಂದು ಉದಾಹರಣೆಯಿಂದ, ಅಲ್ವಾ?

2000ದ ಸುಮಾರಿಗೆ, ಮುಂದೆ ಇದನ್ನು ಬರೆದ ರಿಚರ್ಡ್ ಹಿಪ್ ಅಮೆರಿಕದ ನೌಕಾಪಡೆಯ ಯುದ್ಧನೌಕೆಗೆ ಸಾಫ್ಟ್‌ವೇರ್ ಬರೆಯುತ್ತಿದ್ದರು. ಹಡಗಿಗೆ ಪೆಟ್ಟು ಬಿದ್ದು ಪೈಪ್ ಒಡೆದರೆ ಯಾವ ವಾಲ್ವ್ ಮುಚ್ಚಬೇಕು ಅಂತ ಲೆಕ್ಕ ಹಾಕಿ ಹೇಳುವ ಕಾರ್ಯಕ್ರಮ ಅದು. ಅದರ ಹಿಂದೆ ಇನ್‌ಫಾರ್ಮಿಕ್ಸ್ ಎಂಬ ಡೇಟಾಬೇಸ್ ಸರ್ವರ್ ಇತ್ತು. ಸರ್ವರ್ ಬಿದ್ದಾಗೆಲ್ಲ ಪರದೆ ಮೇಲೆ "ಡೇಟಾಬೇಸ್ ಸಿಗುತ್ತಿಲ್ಲ" ಅಂತ ಬರುತ್ತಿತ್ತು. ಬೈಗುಳ ಮಾತ್ರ ಇವರಿಗೆ. ಡೇಟಾ ಇದೇ ಕಂಪ್ಯೂಟರ್‌ನ ಡಿಸ್ಕ್‌ನಲ್ಲಿರುವಾಗ ನಡುವೆ ಸರ್ವರ್ ಯಾಕೆ ಅನ್ನುವ ಪ್ರಶ್ನೆಯಿಂದ ಎಸ್‌ಕ್ಯೂಲೈಟ್ ಬಂತು. ಅವರು ಇವತ್ತಿಗೂ ಹೇಳುವುದು ಅದನ್ನೇ: ನಮ್ಮ ಪೈಪೋಟಿ ಒರೇಕಲ್ ಜೊತೆ ಅಲ್ಲ, ಸಾದಾ ಫೈಲ್ ತೆರೆದು ಬರೆಯುವ ಎಫ್‌ಓಪನ್ ಜೊತೆ.

ಇನ್ನೊಂದು ತಮಾಷೆ. ಮೊದಲು ಇದರ ತಾತ್ಕಾಲಿಕ ಫೈಲ್‌ಗಳ ಹೆಸರು "ಎಸ್‌ಕ್ಯೂಲೈಟ್" ಅಂತಲೇ ಶುರುವಾಗುತ್ತಿತ್ತು. ಒಂದು ಹೆಸರಾಂತ ಆಂಟಿವೈರಸ್ ಇದನ್ನು ಬಳಸಲು ಶುರು ಮಾಡಿದಾಗ ವಿಂಡೋಸ್‌ನ ಟೆಂಪ್ ಫೋಲ್ಡರ್ ತುಂಬ ಇವೇ ಫೈಲು. ಜನ ಹೆಸರು ಹುಡುಕಿ, ಫೋನ್ ನಂಬರ್ ಪತ್ತೆ ಮಾಡಿ, ರಾತ್ರಿ ಹೊತ್ತಿನಲ್ಲಿ ಎಸ್‌ಕ್ಯೂಲೈಟ್ ಬರೆದವರಿಗೆ ಕರೆ ಮಾಡಿ ಜಗಳ ತೆಗೆದರು. 2006ರಲ್ಲಿ ಅಕ್ಷರಗಳನ್ನು ಹಿಂದುಮುಂದು ಮಾಡಿ "ಎಟಿಲ್‌ಕ್ಯೂಎಸ್" ಅಂತ ಹೆಸರಿಟ್ಟರು. ಸೋರ್ಸ್ ಕೋಡ್‌ನ ಕಾಮೆಂಟ್‌ನಲ್ಲೇ ಈ ಕಥೆ ಬರೆದಿಟ್ಟಿದ್ದಾರೆ. ಬಳಕೆಯ ವಿವರ ಕೋಡನ್ನೇ ಬದಲಿಸಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಡೇರಿಲೆಕ್ಕ

ನನ್ನದು ಹಳ್ಳಿ ಉದಾಹರಣೆ. ನಮ್ಮ ಕಡೆಯ ಒಂದು ಹಾಲು ಉತ್ಪಾದಕರ ಸಂಘಕ್ಕೆ ಹಾಲು ಅಳೆಯುವ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೇನೆ. ಬೆಳಿಗ್ಗೆ, ಸಂಜೆ ಎರಡು ಹೊತ್ತು. ಒಬ್ಬೊಬ್ಬರ ಹಾಲಿಗೂ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ), ದರ. ಒಂದೇ ಲ್ಯಾಪ್‌ಟಾಪ್, ಬರೆಯುವವರು ಒಬ್ಬರೇ ಕಾರ್ಯದರ್ಶಿ. ವರ್ಷಗಟ್ಟಲೆ ದಾಖಲೆ ಸೇರಿದರೂ ಫೈಲ್ ಒಂದು ಸಿನಿಮಾದಷ್ಟೂ ದೊಡ್ಡದಾಗಿಲ್ಲ.

ಗಾತ್ರ ಇಲ್ಲಿ ವಿಷಯವೇ ಅಲ್ಲ. ವಿಷಯ ಕರೆಂಟು. ಲ್ಯಾಪ್‌ಟಾಪ್ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿದೆ. ಕರೆಂಟ್ ಹೋದರೆ ಅಲ್ಲೇ ನಿಂತಿತು. ಇಂಟರ್ನೆಟ್‌ನಲ್ಲಿ ಎಲ್ಲರೂ ಹೇಳುವುದು "ವಾಲ್ ಮೋಡ್ ಹಾಕಿ, ಸಿಂಕ್ರೊನಸ್ ಅನ್ನು ನಾರ್ಮಲ್ ಮಾಡಿ, ವೇಗ ಬರುತ್ತೆ" ಅಂತ. ವಾಲ್ ಅಂದರೆ ಬದಲಾವಣೆಯನ್ನು ಮೊದಲು ಪಕ್ಕದ ಲಾಗ್ ಫೈಲ್‌ಗೆ ಬರೆಯುವ ವಿಧಾನ, ಸಿಂಕ್ರೊನಸ್ ಅಂದರೆ ಡಿಸ್ಕ್‌ಗೆ ಎಷ್ಟು ಖಾತ್ರಿಯಾಗಿ ಬರೆಸಬೇಕು ಅನ್ನುವ ಸೆಟ್ಟಿಂಗ್. ಡೇಟಾಬೇಸ್ ಕೆಡುವುದಿಲ್ಲ ಅನ್ನುವುದು ನಿಜ. ಆದರೆ ಆ ಜೋಡಿಯಲ್ಲಿ ಕರೆಂಟ್ ಹೋದರೆ ಕೊನೆಯ ಕೆಲವು ವಹಿವಾಟು ಮಾಯವಾಗಬಹುದು. ದಾಖಲೆಯಲ್ಲೇ ಹಾಗೆ ಬರೆದಿದ್ದಾರೆ. ಬ್ರೌಸರ್ ಹಿಸ್ಟರಿಯಲ್ಲಿ ಎರಡು ಸಾಲು ಹೋದರೆ ಯಾರೂ ಅಳುವುದಿಲ್ಲ. ಇಲ್ಲಿ ಹಾಲು ಆಗಲೇ ಕ್ಯಾನಿಗೆ ಸುರಿದಾಗಿದೆ! ಆ ಎರಡು ಸಾಲು ಹೋದರೆ ಬಟವಾಡೆ ದಿನ ಡೇರಿ ಮುಂದೆ ಪಂಚಾಯ್ತಿ ಕೂರುತ್ತೆ. ಅದಕ್ಕೇ ನಾನು ಸಿಂಕ್ರೊನಸ್ ಅನ್ನು ಫುಲ್‌ನಲ್ಲೇ ಬಿಟ್ಟಿದ್ದೇನೆ. ಕೆಲವು ಸೆಕೆಂಡಿಗೆ ಒಂದು ಎಂಟ್ರಿ ಬೀಳುವ ಕಡೆ ವೇಗ ಇಟ್ಟುಕೊಂಡು ಏನು ಮಾಡೋದು?

ಆಮೇಲೆ ಟೈಪ್ ವಿಚಾರ. ಎಸ್‌ಕ್ಯೂಲೈಟ್‌ನಲ್ಲಿ ಕಾಲಂ ಸಂಖ್ಯೆಯದ್ದು ಅಂತ ಹೇಳಿದರೂ ಅಕ್ಷರ ತುಂಬಿದರೆ ಒಪ್ಪಿಕೊಳ್ಳುತ್ತೆ. ಆತುರದಲ್ಲಿ ಯಾರೋ ಫ್ಯಾಟ್ "3..8" ಅಂತ ಒತ್ತಿದರೆ ಅದು ಪಠ್ಯವಾಗಿ ಕೂರುತ್ತೆ. ಹೋಲಿಸುವಾಗ ಪಠ್ಯ ಯಾವ ಸಂಖ್ಯೆಗಿಂತಲೂ ದೊಡ್ಡದು. ಆ ತಿಂಗಳ ಅತಿ ಹೆಚ್ಚು ಫ್ಯಾಟ್ ಯಾರದ್ದು ಅಂತ ಕೇಳಿದರೆ ಅದೇ ಮೇಲೆ ಬರುತ್ತೆ. 2021ರ 3.37 ವರ್ಶನ್‌ನಿಂದ, ಟೈಪ್‌ಗೆ ಹೊಂದದ್ದನ್ನು ಒಪ್ಪದ ಸ್ಟ್ರಿಕ್ಟ್ ಟೇಬಲ್ ಬಂದಿದೆ. ಹೊಸದಾಗಿ ಶುರು ಮಾಡುವವರು ಕಣ್ಣುಮುಚ್ಚಿ ಅದನ್ನೇ ಹಾಕಿ.

ಪೋಸ್ಟ್‌ಗ್ರೆಸ್‌ಪ್ರೇಮಿ

ಚೆನ್ನಾಗಿದೆ, ಆದರೆ ಎಲ್ಲರೂ ಒಬ್ಬರೇ ಬರೆಯುವ ಉದಾಹರಣೆ ಕೊಟ್ಟರೆ ಅದು ಗೆಲ್ಲಲೇಬೇಕಲ್ಲ ಸ್ವಾಮಿ. ಕೈಕೊಟ್ಟ ಕಥೆ ನಾನು ಹೇಳುತ್ತೇನೆ.

ಒಂದು ಹೋಲ್‌ಸೇಲ್ ಅಂಗಡಿ. ಡೇಟಾಬೇಸ್ ಫೈಲನ್ನು ವಿಂಡೋಸ್ ಶೇರ್ಡ್ ಫೋಲ್ಡರ್‌ನಲ್ಲಿಟ್ಟು ನಾಲ್ಕು ಕಂಪ್ಯೂಟರ್‌ನಿಂದ ನೇರವಾಗಿ ತೆರೆಯುತ್ತಿದ್ದರು. ಬರೆದವರು ಯಾರೋ, ರಿಪೇರಿಗೆ ಕರೆದದ್ದು ನನ್ನನ್ನ. ಫೈಲ್ ಕೆಟ್ಟಿತ್ತು. ಇಂಡೆಕ್ಸ್ ಒಂದು ಹೇಳಿದರೆ ಟೇಬಲ್ ಇನ್ನೊಂದು. ನೆಟ್‌ವರ್ಕ್ ಫೈಲ್ ವ್ಯವಸ್ಥೆಗಳಲ್ಲಿ, ಇಬ್ಬರು ಒಟ್ಟಿಗೆ ಬರೆಯದಂತೆ ತಡೆಯುವ ಲಾಕ್ ಸರಿಯಾಗಿ ಕೆಲಸ ಮಾಡುತ್ತೆ ಅಂತ ನಂಬುವ ಹಾಗಿಲ್ಲ. ವಾಲ್ ಮೋಡ್ ಅಂತೂ ನೆಟ್‌ವರ್ಕ್ ಮೇಲೆ ನಡೆಯುವುದೇ ಇಲ್ಲ. ಎಲ್ಲ ಪ್ರೋಸೆಸ್‌ಗಳೂ ಒಂದೇ ಯಂತ್ರದಲ್ಲಿದ್ದು ಮೆಮೊರಿ ಹಂಚಿಕೊಳ್ಳಬೇಕು. ಇದೆಲ್ಲ ಅವರ ದಾಖಲೆಯಲ್ಲಿದೆ. ಓದುವವರು ಯಾರು?

ಸರ್ವರ್ ಇರುವ ಪೋಸ್ಟ್‌ಗ್ರೆಸ್ ಡೇಟಾಬೇಸ್ ಹಾಕಿಕೊಟ್ಟೆ, ತಲೆನೋವು ಮುಗಿಯಿತು.

ಬೈಟುಕಾಫಿ

@ಪೋಸ್ಟ್‌ಗ್ರೆಸ್‌ಪ್ರೇಮಿ ಸರ್, ಇಂಥದ್ದೇ ಬೇಕಿತ್ತು. ಒಂದು ಕೇಳಬಹುದಾ? ಅಲ್ಲಿ ಸೋತದ್ದು ಡೇಟಾಬೇಸಾ, ಶೇರ್ಡ್ ಫೋಲ್ಡರಾ? ಒಂದು ಕಂಪ್ಯೂಟರ್‌ನಲ್ಲಿ ಸಣ್ಣ ಸರ್ವಿಸ್ ಓಡಿಸಿ, ಉಳಿದ ಮೂರು ಅದನ್ನು ಕೇಳುವ ಹಾಗೆ ಮಾಡಿದ್ದರೆ ಎಸ್‌ಕ್ಯೂಲೈಟೇ ಸಾಕಾಗುತ್ತಿತ್ತಾ?

ಪೋಸ್ಟ್‌ಗ್ರೆಸ್‌ಪ್ರೇಮಿ

ನಾಲ್ಕು ಕೌಂಟರ್‌ಗೆ ಸಾಕಾಗುತ್ತಿತ್ತು, ಒಪ್ಪುತ್ತೇನೆ. ಆದರೆ ಆ ಸರ್ವಿಸ್ ಬರೆಯುವುದು, ನೋಡಿಕೊಳ್ಳುವುದು ಯಾರು? ಸರ್ವರ್ ಬೇಡ ಅಂತ ಹೊರಟು ಕೊನೆಗೆ ನೀವೇ ಒಂದು ಸರ್ವರ್ ಬರೆದ ಹಾಗಾಯಿತು. ಅದರ ಬದಲು ರೆಡಿ ಇರುವುದನ್ನೇ ತಗೊಳ್ಳಿ.

ಇನ್ನೊಂದನ್ನೂ ಬರೆದುಕೊಳ್ಳಿ. "ಡೇಟಾಬೇಸ್ ಈಸ್ ಲಾಕ್ಡ್" ಅಂತ ಬರುವ ದೂರುಗಳಲ್ಲಿ ನಾನು ನೋಡಿದ ಬಹುಪಾಲಿಗೆ ಕಾರಣ ಎರಡೇ. ಒಂದು, ಬ್ಯುಸಿ ಟೈಮ್‌ಔಟ್ (ಲಾಕ್ ಬಿಡುವ ತನಕ ಕಾಯುವ ಅವಧಿ) ಇಟ್ಟಿರುವುದಿಲ್ಲ. ಲೈಬ್ರರಿ ತಾನಾಗಿ ಒಂದು ಕ್ಷಣವೂ ಕಾಯುವುದಿಲ್ಲ. ಪೈಥಾನ್‌ನಲ್ಲಾದರೆ 5 ಸೆಕೆಂಡ್ ಮೊದಲೇ ಇಟ್ಟಿರುತ್ತಾರೆ, ಬೇರೆ ಭಾಷೆಯಲ್ಲಿ ನೀವೇ ನೋಡಿಕೊಳ್ಳಬೇಕು. ಎರಡು, ಓದುವ ಟ್ರಾನ್ಸಾಕ್ಷನ್ ಶುರು ಮಾಡಿ ಮಧ್ಯದಲ್ಲಿ ಬರೆಯಲು ಹೋಗುತ್ತಾರೆ. ಅಷ್ಟರಲ್ಲಿ ಬೇರೆಯವರು ಬರೆದಿದ್ದರೆ, ವಾಲ್ ಮೋಡ್‌ನಲ್ಲಿ ಟೈಮ್‌ಔಟ್ ಎಷ್ಟಿಟ್ಟರೂ ತಕ್ಷಣ ಎರರ್ ಬರುತ್ತೆ. ಬರೆಯುವ ಉದ್ದೇಶ ಇದ್ದರೆ ಮೊದಲೇ "ಬಿಗಿನ್ ಇಮ್ಮೀಡಿಯೆಟ್" ಹಾಕಿ, ಬರೆಯುವ ಲಾಕ್ ಆಗಲೇ ಸಿಗುತ್ತೆ.

ಅಕ್ಷರಹುಳ

ನಾನು ಒಂದು ಸಣ್ಣ ಗ್ರಂಥಾಲಯಕ್ಕೆ ಕನ್ನಡ ಪುಸ್ತಕಗಳ ಹುಡುಕಾಟ ಮಾಡಿಕೊಟ್ಟಿದ್ದೇನೆ. ಎಸ್‌ಕ್ಯೂಲೈಟ್‌ನ ಪಠ್ಯ ಹುಡುಕಾಟದ ಭಾಗವಾದ ಎಫ್‌ಟಿಎಸ್5 ಬಳಸಿದ್ದು. ಇಲ್ಲಿ ಕನ್ನಡದಂಥ ಲಿಪಿಗಳಿಗೆ ಇರುವ ಒಂದು ತೊಡಕಿದೆ. ಇದು ಇಂಗ್ಲಿಷ್ ಉದಾಹರಣೆಗಳಲ್ಲಿ ಎಲ್ಲೂ ಸಿಗುವುದಿಲ್ಲ, ಹಾಗಾಗಿ ಉದ್ದಕ್ಕೆ ಬರೆಯುತ್ತೇನೆ.

"ಹಾಲು" ಅಂತ ಹುಡುಕಿದರೆ ಹುಲಿ ಬರುತ್ತೆ. ಹೊಲವೂ ಬರುತ್ತೆ. ನಗಬೇಡಿ, ನಿಜ. ಎಫ್‌ಟಿಎಸ್5 ತಾನಾಗಿ ಬಳಸುವ ಯೂನಿಕೋಡ್61 ಟೋಕನೈಸರ್ (ಪಠ್ಯವನ್ನು ಪದಗಳಾಗಿ ಬಿಡಿಸುವ ಭಾಗ), ಯೂನಿಕೋಡ್‌ನಲ್ಲಿ ಅಕ್ಷರ ಅಥವಾ ಅಂಕಿ ಅಂತ ಗುರುತಾದವನ್ನು ಮಾತ್ರ ಪದದ ಭಾಗ ಅಂದುಕೊಳ್ಳುತ್ತೆ. ನಮ್ಮ ಕೊಂಬು, ಗುಡಿಸು, ಇಳಿ, ಸೊನ್ನೆ ಎಲ್ಲವೂ ಯೂನಿಕೋಡ್ ಪ್ರಕಾರ "ಗುರುತು" ಗುಂಪಿನಲ್ಲಿವೆ. ಅವು ಬಂದ ಕಡೆ ಪದ ತುಂಡಾಗುತ್ತೆ. ಹಾಲು ಅನ್ನುವುದು "ಹ", "ಲ" ಎಂಬ ಎರಡು ತುಂಡು. ಹುಲಿಯೂ ಹೊಲವೂ ಅದೇ ಎರಡು ತುಂಡು. ನೀವು ಹುಡುಕುವ ಪದವೂ ಹಾಗೇ ತುಂಡಾಗುವುದರಿಂದ ಸರಿಯಾದ ಉತ್ತರ ಹೇಗೂ ಬಂದೇ ಬರುತ್ತೆ. ಅದಕ್ಕೇ ಪರೀಕ್ಷೆ ಮಾಡುವಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಪುಸ್ತಕ ಜಾಸ್ತಿ ಆದ ಮೇಲೆ ಕಸ ಕಾಣಲು ಶುರುವಾಗುತ್ತೆ.

ದಾರಿ ಇದೆ. 2018ರ 3.25 ವರ್ಶನ್‌ನಿಂದ ಟೋಕನೈಸರ್‌ಗೆ "ಕ್ಯಾಟಗರೀಸ್" ಅಂತ ಆಯ್ಕೆ ಕೊಟ್ಟಿದ್ದಾರೆ. ಈಗಿರುವ ಗುಂಪುಗಳಾದ ಎಲ್* (ಅಕ್ಷರ), ಎನ್* (ಅಂಕಿ), ಸಿಒ ಜೊತೆಗೆ ಮೇಲೆ ಹೇಳಿದ ಗುರುತುಗಳ ಗುಂಪಾದ ಎಂಎನ್ ಮತ್ತು ಎಂಸಿ ಸೇರಿಸಿ ಇಂಡೆಕ್ಸ್ ಮತ್ತೆ ಕಟ್ಟಿ. ಹುಲಿ ಹೊಲ ಬಿಟ್ಟು ಹೋಗುತ್ತೆ.

ಇನ್ನೂ ಎರಡು ವಿಷಯ. ನಮ್ಮಲ್ಲಿ ವಿಭಕ್ತಿ ಅಂಟಿಕೊಳ್ಳುತ್ತೆ: ಹಾಲಿನ, ಹಾಲಿಗೆ, ಹಾಲನ್ನು. "ಹಾಲು" ಅಂತ ಪೂರ್ತಿ ಹುಡುಕಿದರೆ ಇವು ಸಿಗುವುದಿಲ್ಲ. ಕೊನೆಯ ಸ್ವರ ತೆಗೆದು "ಹಾಲ" ಅನ್ನುವುದರ ಕೊನೆಗೆ ನಕ್ಷತ್ರ (*) ಹಾಕಿ ಹುಡುಕಿದರೆ ಸಿಗುತ್ತವೆ. ಜೊತೆಗೆ ಹಾಲಕ್ಕಿಯೂ ಬರುತ್ತೆ, ಅದನ್ನು ಸಹಿಸಿಕೊಂಡಿದ್ದೇವೆ. ಎರಡನೆಯದು, "ಸಾಫ್ಟ್‌ವೇರ್" ಥರದ ಪದಗಳ ನಡುವೆ ಅಕ್ಷರ ಒತ್ತಾಗಿ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯುಎನ್‌ಜೆ ಎಂಬ ಗುರುತು ಇರುತ್ತೆ. ಅಲ್ಲೂ ಪದ ಮುರಿಯುತ್ತೆ. ಒಬ್ಬರು ಅದನ್ನು ಹಾಕಿ ಟೈಪ್ ಮಾಡುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ತೋರಿಸುವ ಪಠ್ಯವನ್ನು ಮುಟ್ಟದೆ, ಇಂಡೆಕ್ಸ್‌ಗೆ ಹೋಗುವ ಪ್ರತಿಯಿಂದ ಮಾತ್ರ ಅದನ್ನು ತೆಗೆದಿದ್ದೇವೆ. ಹುಡುಕುವ ಪದದಿಂದಲೂ ತೆಗೆಯಬೇಕು, ಮರೆಯಬೇಡಿ.

ಹೊಸಬ

ಮೇಡಂ, ಅಕಾರಾದಿ ಜೋಡಣೆಗೂ ಏನಾದರೂ ಮಾಡಬೇಕಾ? ಸುಮ್ನೆ ಆರ್ಡರ್ ಬೈ ಹಾಕಿದರೆ ಸಾಕಾ?

ಅಕ್ಷರಹುಳ

ಹೆಚ್ಚುಕಡಿಮೆ ಸಾಕು, ಪೂರ್ತಿ ಅಲ್ಲ. ಎಸ್‌ಕ್ಯೂಲೈಟ್ ತಾನಾಗಿ ಬೈಟ್ ನೋಡಿ ಜೋಡಿಸುತ್ತೆ. ಯೂನಿಕೋಡ್‌ನಲ್ಲಿ ಳ ಬರುವುದು ಲ ಆದ ಮೇಲೆ, ವ ಗಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಿ ಳ ಕೊನೆಗೆ. ಹಾಗಾಗಿ ಬಳ್ಳಾರಿ ಮೊದಲು, ಬಸವಕಲ್ಯಾಣ ಆಮೇಲೆ ಬರುತ್ತೆ. ನಿಘಂಟಿನ ಕ್ರಮ ಇದಕ್ಕೆ ಉಲ್ಟಾ. ಭಾಷೆಗಳ ನಿಯಮ ಗೊತ್ತಿರುವ ಐಸಿಯು ಎಕ್ಸ್‌ಟೆನ್ಶನ್ ಸೇರಿಸಿ ಕಂಪೈಲ್ ಮಾಡಿದರೆ ಕನ್ನಡದ ಕೊಲೇಷನ್ (ಜೋಡಿಸುವ ಕ್ರಮ) ಸಿಗುತ್ತೆ. ಅಷ್ಟು ಬೇಡ ಅಂದರೆ ಪೈಥಾನ್‌ನಲ್ಲೇ ನಿಮ್ಮದೇ ಕೊಲೇಷನ್ ಫಂಕ್ಷನ್ ಬರೆದು ನೋಂದಾಯಿಸಬಹುದು, ಕೆಲವೇ ಸಾಲು.

ನಕ್ಷೆಗಾರ

ನಮ್ಮ ಕ್ಷೇತ್ರದಲ್ಲಿ ಎಷ್ಟೋ ಜನಕ್ಕೆ ಎಸ್‌ಕ್ಯೂಲೈಟ್ ಬಳಸುತ್ತಿದ್ದೇವೆ ಅಂತಲೇ ಗೊತ್ತಿಲ್ಲ. ನಕ್ಷೆ ಮಾಡುವ ಕ್ಯೂಜಿಐಎಸ್ 3 ತಂತ್ರಾಂಶದಲ್ಲಿ ಪದರ ಉಳಿಸಲು ಹೋದರೆ ಮೊದಲು ಬರುವ ಆಯ್ಕೆ ಜಿಯೋಪ್ಯಾಕೇಜ್. ಅದು ಎಸ್‌ಕ್ಯೂಲೈಟ್ ಫೈಲೇ. 2014ರಲ್ಲಿ ನಕ್ಷೆ ಡೇಟಾ ಮಾನದಂಡಗಳ ಸಂಸ್ಥೆ ಓಜಿಸಿ ಅದನ್ನು ಮಾನದಂಡ ಮಾಡಿತು.

ಹಳೆಯ ಶೇಪ್‌ಫೈಲ್‌ನಲ್ಲಿ ಒಂದು ಪದರಕ್ಕೆ ಮೂರು ನಾಲ್ಕು ಫೈಲ್, ಕಾಲಂ ಹೆಸರು 10 ಅಕ್ಷರ ದಾಟುವಂತಿಲ್ಲ. ಕನ್ನಡದಲ್ಲಿ ಊರ ಹೆಸರು ತುಂಬಿದರೆ ಇನ್ನೊಬ್ಬರ ಕಂಪ್ಯೂಟರ್‌ನಲ್ಲಿ ಚೌಕ ಚೌಕ. ಜಿಯೋಪ್ಯಾಕೇಜ್‌ನಲ್ಲಿ ಈ ಯಾವ ಗೋಳೂ ಇಲ್ಲ. ಕೆರೆ, ಕಾಲುವೆ, ಗ್ರಾಮದ ಗಡಿ ಎಲ್ಲ ಒಂದೇ ಫೈಲ್‌ನಲ್ಲಿ.

ತೊಂದರೆ ಒಂದು ಇದೆ. ಕ್ಯೂಜಿಐಎಸ್‌ನಲ್ಲಿ ತೆರೆದಿರುವಾಗ ಪಕ್ಕದಲ್ಲಿ "ವಾಲ್", "ಎಸ್‌ಎಚ್‌ಎಂ" ಅಂತ ಕೊನೆಯಾಗುವ ಎರಡು ಫೈಲ್ ಹುಟ್ಟಿಕೊಳ್ಳುತ್ತವೆ. ನಮ್ಮ ಹುಡುಗರು ಮುಖ್ಯ ಫೈಲ್ ಮಾತ್ರ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಆಗ ತಾನೇ ಮಾಡಿದ ತಿದ್ದುಪಡಿ ವಾಲ್ ಫೈಲ್‌ನಲ್ಲೇ ಉಳಿದಿರಬಹುದು. ಕ್ಯೂಜಿಐಎಸ್ ಮುಚ್ಚಿ ಆಮೇಲೆ ಕಳಿಸಿ ಅಂತ ಗೋಡೆ ಮೇಲೆ ಬರೆದು ಅಂಟಿಸಿದ್ದೇವೆ.

ಡೇರಿಲೆಕ್ಕ

@ನಕ್ಷೆಗಾರ ಬ್ಯಾಕಪ್‌ಗೂ ಇದೇ ಕಥೆ ಅಣ್ಣಾ. ಓಡುತ್ತಿರುವ ಡೇಟಾಬೇಸನ್ನು ಕಾಪಿ ಪೇಸ್ಟ್ ಮಾಡಬಾರದು. "ವ್ಯಾಕ್ಯೂಂ ಇನ್‌ಟು" ಅಂತ ಒಂದು ಸಾಲು ಓಡಿಸಿದರೆ ಶುದ್ಧವಾದ ಒಂದೇ ಫೈಲ್ ಬರುತ್ತೆ. 2019ರ 3.27ರಿಂದ ಇದೆ. ಸಂಜೆ ಲೆಕ್ಕ ಮುಗಿದ ಮೇಲೆ ಪೆನ್‌ಡ್ರೈವ್‌ಗೆ ಅದೇ ಹೋಗುತ್ತೆ.

ಸ್ಟಟ್‌ಗಾರ್ಟ್‌ರೊಟ್ಟಿ

ನಾನು ಕಾರಿನ ನಕ್ಷೆ ವ್ಯವಸ್ಥೆಗಳ ಕಡೆ ಕೆಲಸ ಮಾಡುವವನು. ಎನ್‌ಡಿಎಸ್ ಅನ್ನುವ ನ್ಯಾವಿಗೇಶನ್ ಡೇಟಾ ಮಾನದಂಡದ ಅಡಿಯಲ್ಲಿ ಎಸ್‌ಕ್ಯೂಲೈಟ್ ಇದೆ ಅನ್ನುವುದು ಬಹಿರಂಗ ವಿಷಯ. ಅದಕ್ಕಿಂತ ಒಳಗಿನದನ್ನು ಬರೆದರೆ ಕೆಲಸ ಹೋಗುತ್ತೆ. ಇಂಥ ಕರೆ ಕೊಟ್ಟಾಗಲೆಲ್ಲ ಜನ ಸುಮ್ಮನಿರುವುದು ಸೋಮಾರಿತನದಿಂದ ಅಲ್ಲ, ಇದರಿಂದ.

ಒಂದು ಸಲಹೆ. ಕಂಪನಿ ಏನು, ಉತ್ಪನ್ನ ಏನು ಅಂತ ಕೇಳಲೇಬೇಡಿ. "ಓದು ಜಾಸ್ತಿ, ಬರಹ ಕಮ್ಮಿ, ಫ್ಲ್ಯಾಶ್ ಮೆಮೊರಿ, ಕೆಲವು ಜಿಬಿ, ಯಾವಾಗ ಬೇಕಾದರೂ ವಿದ್ಯುತ್ ಹೋಗುತ್ತೆ" ಇಷ್ಟಾದರೆ ನಾನೂ ಬರೆಯಬಲ್ಲೆ. ಟೇಬಲ್ ಹೆಸರುಗಳನ್ನು ಕೇಳಬೇಡಿ, ಎಕ್ಸ್‌ಪ್ಲೇನ್ ಕ್ವೆರಿ ಪ್ಲ್ಯಾನ್‌ನ (ಕ್ವೆರಿ ಹೇಗೆ ಓಡುತ್ತೆ ಅಂತ ತೋರಿಸುವ ಆದೇಶ) ಫಲಿತಾಂಶ ಹಾಕುವುದಾದರೆ ಹೆಸರು ಬದಲಿಸಿ ಹಾಕಲು ಹೇಳಿ. ಮತ್ತೆ, ದಯವಿಟ್ಟು ಯಾರೂ ಡೇಟಾಬೇಸ್ ಫೈಲನ್ನೇ ಇಲ್ಲಿ ಏರಿಸಬೇಡಿ. ಅಳಿಸಿದ ಸಾಲುಗಳೂ ಫೈಲ್‌ನ ಖಾಲಿ ಪುಟಗಳಲ್ಲಿ ಉಳಿದಿರಬಹುದು. ಗ್ರಾಹಕರ ಫೋನ್ ನಂಬರ್ ಅಳಿಸಿದ್ದೇನೆ ಅಂದುಕೊಂಡು ಕೊಟ್ಟರೆ, ತೆಗೆಯಲು ಬಲ್ಲವರು ತೆಗೆಯುತ್ತಾರೆ.

ಬೈಟುಕಾಫಿ

ಇದು ನನಗೆ ಹೊಳೆದಿರಲಿಲ್ಲ. ಮೊದಲ ಪೋಸ್ಟ್‌ಗೆ ಸೇರಿಸುತ್ತೇನೆ: ಹೆಸರು ಬೇಡ, ಫೈಲ್ ಬೇಡ, ಸ್ವಭಾವ ಮಾತ್ರ ಸಾಕು.

ಮಲೆನಾಡ್‌ಮಳೆ

ಯಾರೂ ಬರೆಯದಿದ್ದರೂ ಉದಾಹರಣೆಗೆ ಬರ ಇಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಇವೆ. ಫೈರ್‌ಫಾಕ್ಸ್‌ನ "ಪ್ಲೇಸಸ್" ಫೈಲ್, ಇ-ಪುಸ್ತಕ ಜೋಡಿಸುವ ಕ್ಯಾಲಿಬರ್‌ನ ಮೆಟಾಡೇಟಾ ಫೈಲ್, ಕಲಿಕೆ ಕಾರ್ಡ್‌ಗಳ ಆಂಕಿಯ ಕಲೆಕ್ಷನ್. ಫೈಲ್‌ನ ಪ್ರತಿ ತೆಗೆದು, ಎಸ್‌ಕ್ಯೂಲೈಟ್ ಕಮಾಂಡ್ ಲೈನ್‌ನಲ್ಲಿ ತೆರೆದು ".ಸ್ಕೀಮಾ" ಒತ್ತಿ ನೋಡಿ. ಮೂರೂ ಓಪನ್ ಸೋರ್ಸ್, ಯಾವ ಗುಟ್ಟೂ ಇಲ್ಲ. ಎಲ್ಲಿ ಇಂಡೆಕ್ಸ್ ಹಾಕಿದ್ದಾರೆ, ಎಲ್ಲಿ ಟ್ರಿಗರ್ ಬರೆದಿದ್ದಾರೆ ಅಂತ ನೋಡಿದರೆ ಪುಸ್ತಕಕ್ಕಿಂತ ಜಾಸ್ತಿ ಕಲಿಯಬಹುದು. ಎಸ್‌ಕ್ಯೂಲೈಟ್‌ನ ಸ್ವಂತ ಕೋಡ್ ಇರುವ ಫಾಸಿಲ್ (ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ತಂತ್ರಾಂಶ) ರೆಪಾಸಿಟರಿ ಕೂಡ ಒಂದು ಎಸ್‌ಕ್ಯೂಲೈಟ್ ಫೈಲೇ.

ವೆಬ್‌ಸೈಟ್‌ಗೆ ಆಗಲ್ಲ ಅನ್ನುವವರಿಗೆ ಅವರದೇ ಸೈಟ್ ಇದೆ. ಅವರ ದಾಖಲೆಯ ಪ್ರಕಾರ 2015ರಲ್ಲಿ ದಿನಕ್ಕೆ 4ರಿಂದ 5 ಲಕ್ಷ ಕೋರಿಕೆ ಬರುತ್ತಿದ್ದವು, ಅದರಲ್ಲಿ 15ರಿಂದ 20 ಶೇಕಡಾ ಡೇಟಾಬೇಸ್ ಮುಟ್ಟುವಂಥವು. ದಿನಕ್ಕೆ 1 ಲಕ್ಷ ಹಿಟ್‌ಗಿಂತ ಕಮ್ಮಿ ಇರುವ ಸೈಟ್‌ಗೆ ಧಾರಾಳವಾಗಿ ಸಾಕು ಅನ್ನುತ್ತಾರೆ. ವೆಬ್‌ಸೈಟ್ ಕಟ್ಟುವ ರೈಲ್ಸ್‌ನ 2024ರ ವರ್ಶನ್ 8 ಕೂಡ ಕ್ಯೂ, ಕ್ಯಾಶ್ ಎಲ್ಲವನ್ನೂ ಎಸ್‌ಕ್ಯೂಲೈಟ್ ಮೇಲೇ ಓಡಿಸಬಹುದಾದ ಹಾಗೆ ಮಾಡಿದೆ.

ಪೋಸ್ಟ್‌ಗ್ರೆಸ್‌ಪ್ರೇಮಿ

ಸರ್ವರ್ ಒಂದೇ ಇರುವ ತನಕ. ಎರಡನೇ ಸರ್ವರ್ ಬೇಕು ಅಂದ ದಿನ ನನ್ನ ನೆನಪು ಮಾಡಿಕೊಳ್ಳಿ 🙂

ಹೊಸಬ

ನನಗೆ ನೇರವಾಗಿ ಉತ್ತರ ಬೇಕು, ದಯವಿಟ್ಟು. ನಮ್ಮ ಹಾಸ್ಟೆಲ್ ಮೆಸ್‌ಗೆ ಊಟದ ಲೆಕ್ಕದ ಆ್ಯಪ್ ಬರೆಯುತ್ತಿದ್ದೇನೆ. ಬಾಗಿಲಲ್ಲಿ ಎರಡು ಟ್ಯಾಬ್, ವಾರ್ಡನ್ ಕೋಣೆಯಲ್ಲಿ ಒಂದು ಪಿಸಿ. ವೈಫೈ ಆಗಾಗ ಹೋಗುತ್ತೆ. ಟ್ಯಾಬ್‌ಗಳು ಹಳೆಯವು, ಆಂಡ್ರಾಯ್ಡ್ 10.

ಡೇರಿಲೆಕ್ಕ

ತಮ್ಮಾ, ಪಿಸಿಯ ಫೈಲನ್ನು ಟ್ಯಾಬ್‌ನಿಂದ ನೇರ ತೆರೆಯೋ ಯೋಚನೆ ಇದ್ದರೆ ಮೇಲಿನ ಹೋಲ್‌ಸೇಲ್ ಅಂಗಡಿ ಕಥೆ ಇನ್ನೊಮ್ಮೆ ಓದು. ಪ್ರತಿ ಟ್ಯಾಬ್‌ನಲ್ಲೂ ಅದರದೇ ಎಸ್‌ಕ್ಯೂಲೈಟ್ ಇರಲಿ. ಎಂಟ್ರಿ ಮೊದಲು ಅಲ್ಲಿ ಬೀಳಲಿ. ವೈಫೈ ಬಂದಾಗ ಪಿಸಿಯಲ್ಲಿರುವ ಸಣ್ಣ ಸರ್ವಿಸ್‌ಗೆ ಕಳಿಸಲಿ. ಪ್ರತಿ ಎಂಟ್ರಿಗೂ ಐಡಿಯನ್ನು ಟ್ಯಾಬೇ ಹುಟ್ಟಿಸಬೇಕು, ಯುಯುಐಡಿ (ಎಲ್ಲೂ ಮರುಕಳಿಸದ ಗುರುತು ಸಂಖ್ಯೆ) ಥರ. ಒಂದೇ ಎಂಟ್ರಿ ಎರಡು ಸಲ ಹೋದರೂ ಪಿಸಿಯಲ್ಲಿ ಒಂದೇ ಊಟ ಲೆಕ್ಕಕ್ಕೆ ಬರುತ್ತೆ.

ಸ್ಟಟ್‌ಗಾರ್ಟ್‌ರೊಟ್ಟಿ

ಇದಕ್ಕೆ ಒಂದು ಸೇರಿಸುತ್ತೇನೆ. ಆಂಡ್ರಾಯ್ಡ್ 10ರ ಒಳಗೆ ಬರುವ ಎಸ್‌ಕ್ಯೂಲೈಟ್ 3.22. "ಆನ್ ಕಾನ್‌ಫ್ಲಿಕ್ಟ್ ಡೂ ಅಪ್‌ಡೇಟ್" (ಸಾಲು ಮೊದಲೇ ಇದ್ದರೆ ಅದನ್ನೇ ತಿದ್ದುವುದು) ಬಂದದ್ದು 3.24ರಲ್ಲಿ, ಸ್ಟ್ರಿಕ್ಟ್ ಟೇಬಲ್ 3.37ರಲ್ಲಿ. ಪಿಸಿಯಲ್ಲಿ ನಡೆದ ಕ್ವೆರಿ ಟ್ಯಾಬ್‌ನಲ್ಲಿ ಸಿಂಟ್ಯಾಕ್ಸ್ ಎರರ್ ಕೊಡುತ್ತೆ. ಟ್ಯಾಬ್‌ನಲ್ಲಿ "ಇನ್ಸರ್ಟ್ ಆರ್ ಇಗ್ನೋರ್" (ಮೊದಲೇ ಇದ್ದರೆ ಸುಮ್ಮನೆ ಬಿಡುವುದು) ಬಳಸಿ, ಇಲ್ಲವೇ ಆ್ಯಪ್ ಜೊತೆಗೇ ಹೊಸ ಎಸ್‌ಕ್ಯೂಲೈಟ್ ಕಟ್ಟಿ ಕಳಿಸಿ.

ಹೊಸಬ

ಕಟ್ಟಿ ಕಳಿಸುವುದೇ ವಾಸಿ ಅನ್ನಿಸುತ್ತೆ, ಎರಡೂ ಕಡೆ ಒಂದೇ ವರ್ಶನ್ ಇರುತ್ತೆ. ಥ್ಯಾಂಕ್ಸ್ ಅಣ್ಣಾ, ಥ್ಯಾಂಕ್ಸ್ ಸರ್. ರಜೆ ಮುಗಿದು ಮೆಸ್ ಶುರುವಾದ ಮೇಲೆ ಏನೇನು ಮುರಿಯಿತು ಅಂತ ಇಲ್ಲೇ ಬರೆಯುತ್ತೇನೆ.